ಒಂದು ಚೊಂಬು ನೀರು

ಗೌರಿಬಿದನೂರಿಗೆ ಹೊಂದಿಕೊಂಡಂತಿರುವ ಕುಡುಮಲಕುಂಟೆಯಲ್ಲಿ ನಾನು ಕೆಲಕಾಲ ನೆಲೆಸಿದ್ದೆ. ಊರ ಹೆಸರಿನಲ್ಲಿ ಕುಂಟೆಯಿದ್ದರೂ ಆ ಸೀಮೆಯಲ್ಲಿ ನೀರೆಂಬುದು ಎಣಿಸಿ ಬಳಸುವ ವಸ್ತು. ನಂದಿಯ ಸುತ್ತಣ ಬೆಟ್ಟಗಳಲ್ಲಿ ಹುಟ್ಟುವ ಉತ್ತರ ಪಿನಾಕಿನಿ ವರ್ಷದ ಬಹುಭಾಗ ಮರಳನ್ನಷ್ಟೇ ತೋರಿಸುತ್ತಾಳೆ. ಅಂಥಲ್ಲಿ ನನ್ನ ನೆರೆಯ ವೃದ್ಧ ದರ್ಜಿಯೊಬ್ಬರು ನಮಾಜಿಗೆ ಮುನ್ನ ಮಾಡುವ ವುಜೂವಿಗೆ, ಎಂದರೆ ಮುಖ ಕೈಕಾಲು ತೊಳೆದು ಒದ್ದೆಗೈಯಿಂದ ತಲೆ ಸವರಿಕೊಳ್ಳುವ ಶುದ್ಧಿಗೆ, ಒಂದು ಕೊಡ ಮುಗಿಸಿ ಎರಡನೆಯದಕ್ಕೆ ಕೈಹಾಕುತ್ತಿದ್ದರು. ಮೊಣಕೈ ನೆನೆಯಿತೋ ಇಲ್ಲವೋ, ನೆಲಕ್ಕೆ ಬಿದ್ದ ಹನಿ ಸಿಡಿದು ಬಟ್ಟೆಗೆ ತಾಗಿತೋ ಏನೋ! ಮಸೀದಿಗೆ ಹೊರಟವರು ಅರ್ಧ ದಾರಿಯಿಂದ ಹಿಂದಿರುಗಿ ಮೊದಲಿನಿಂದ ತೊಳೆಯತೊಡಗುವರು. ಅಷ್ಟರಲ್ಲಿ ಅಲ್ಲಿ ಜಮಾತು ಮುಗಿದಿರುತ್ತಿತ್ತು. ಆ ಕೊಡಗಳನ್ನು ಹೊತ್ತು ತರುತ್ತಿದ್ದವಳು ಸೊಸೆ.

ನನಗೆ ಈ ನೋಟ ಹೊಸದಾಗಿರಲಿಲ್ಲ. ನಮ್ಮ ಮನೆಯ ಸೋದರತ್ತೆಯೊಬ್ಬರು ಮಡಿಯ ಹೆಸರಿನಲ್ಲಿ ಹೀಗೆಯೇ ಜೀವ ತೇದವರು. ಒಗೆದ ಸೀರೆಗೆ ಯಾರದೋ ನೆರಳು ಸೋಕಿತೆಂದು ಮತ್ತೆ ಒಗೆಯುವರು. ಬೆರಳ ಚರ್ಮ ಬಿರಿದು ರಕ್ತ ಒಸರುತ್ತಿತ್ತು. ಮನೆಮಂದಿಯೆಲ್ಲ ಆಕೆಯನ್ನು ಮಹಾ ಆಚಾರವಂತೆ ಎಂದು ಕೊಂಡಾಡಿದೆವು. ‘ಸಾಕು’ ಎನ್ನುವ ಅಧಿಕಾರ ತನಗುಂಟೆಂದು ನಮ್ಮಲ್ಲಿ ಯಾರೂ ಭಾವಿಸಲಿಲ್ಲ. ದರ್ಜಿಯವರಿಗೆ ಹಾಗೆ ಹೇಳುವವರೊಬ್ಬರಿದ್ದರು. ಅವರು ಹೋಗುತ್ತಿದ್ದ ಮಸೀದಿಯ ಇಮಾಮರು ಒಂದು ದಿನ ಮನೆಗೇ ಬಂದು, ಇದು ಭಕ್ತಿಯಲ್ಲ, ವಸ್ವಾಸ್ ಎಂದರು. ಆ ಒಂದು ಮಾತಿನ ಬೆನ್ನು ಹಿಡಿದು ನಾನು ಪುಸ್ತಕಗಳ ಮೊರೆಹೋದೆ.

ವಸ್ವಾಸ್ ಎಂದರೆ ಪಿಸುಮಾತು. ಎದೆಯೊಳಗೆ ಪಿಸುಗುಟ್ಟುವ ಕೇಡಿನಿಂದ ದೇವರಲ್ಲಿ ಆಶ್ರಯ ಬೇಡುವುದೇ ಕುರಾನಿನ ಕಡೆಯ ಅಧ್ಯಾಯ. ನಮಾಜಿನ ನಡುವೆ ತನ್ನ ಶುದ್ಧಿ ಕೆಟ್ಟಂತೆ ಭಾಸವಾಗುತ್ತದೆ ಎಂದು ದೂರಿಕೊಂಡ ಒಬ್ಬನಿಗೆ ಪ್ರವಾದಿಯವರು, ಸದ್ದು ಕೇಳುವವರೆಗೆ ಅಥವಾ ವಾಸನೆ ತಿಳಿಯುವವರೆಗೆ ಸ್ಥಳ ಬಿಟ್ಟು ಕದಲಬೇಡ ಎಂದರೆಂದು ಬುಖಾರಿ ಮತ್ತು ಮುಸ್ಲಿಂ ಸಂಗ್ರಹಗಳಲ್ಲಿದೆ. ಅವರು ವುಜೂವಿಗೆ ಬಳಸುತ್ತಿದ್ದುದು ಒಂದು ‘ಮುದ್ದ್’ ನೀರು; ಒಂದು ಲೀಟರಿಗೂ ಕಡಿಮೆ. ಇಷ್ಟು ಸಣ್ಣ ಪ್ರಸಂಗದಿಂದ ನ್ಯಾಯವೇತ್ತರು ಒಂದು ದೊಡ್ಡ ಸೂತ್ರವನ್ನು ಕಡೆದು ತೆಗೆದರು: ಖಚಿತವಾದುದು ಸಂಶಯದಿಂದ ಅಳಿಯುವುದಿಲ್ಲ. ಬಚ್ಚಲ ಬಾಗಿಲಲ್ಲಿ ಹುಟ್ಟಿದ ಈ ಮಾತು ಸಾಲಸೋಲದ ವ್ಯಾಜ್ಯಗಳಿಗೂ ಹಬ್ಬಿ, 1876ರಲ್ಲಿ ಪೂರ್ಣಗೊಂಡ ಆಟೊಮನ್ ನಾಗರಿಕ ಸಂಹಿತೆಯ ನಾಲ್ಕನೆಯ ವಿಧಿಯಾಗಿ ಕುಳಿತದ್ದು ಇತಿಹಾಸದ ವಿನೋದಗಳಲ್ಲೊಂದು.

ನಮ್ಮ ಸೀಮೆಗೂ ಇದರ ನಂಟು ದೂರದ್ದಲ್ಲ. 1687ರಲ್ಲಿ ಮೊಗಲರ ವಶವಾದ ಶಿರಾ ಪ್ರಾಂತಕ್ಕೆ ಪೆನುಕೊಂಡೆ, ದೊಡ್ಡಬಳ್ಳಾಪುರ, ಕೋಲಾರಗಳು ಪರಗಣಗಳಾಗಿದ್ದವು; ಗೌರಿಬಿದನೂರಿನ ನೆಲ ಇವುಗಳ ನಡುವಿನದು. ಔರಂಗಜೇಬನ ಆಶ್ರಯದಲ್ಲಿ ವಿದ್ವಾಂಸರ ತಂಡವೊಂದು ಸಂಕಲಿಸಿದ ‘ಫತಾವಾ ಆಲಂಗೀರಿ’ಯ ಮೊದಲ ಪ್ರಕರಣವೇ ಶುದ್ಧಿಯನ್ನು ಕುರಿತದ್ದು. ಅಂಗವೊಂದನ್ನು ತೊಳೆದೆನೋ ಇಲ್ಲವೋ ಎಂಬ ಅನುಮಾನ ಮೊದಲ ಸಲ ಬಂದರೆ ತೊಳೆದುಕೊಳ್ಳಬೇಕು, ಪದೇ ಪದೇ ಬರುವುದಾದರೆ ಅದಕ್ಕೆ ಕಿವಿಗೊಡಬಾರದು ಎಂಬುದು ಹನಫಿ ಗ್ರಂಥಗಳ ನಿಲುವು. ನನಗೆ ಇದರ ಜಾಣ್ಮೆ ಬಹುವಾಗಿ ಹಿಡಿಸಿತು. ಸಂಶಯ ಹೆಚ್ಚಿದಷ್ಟೂ ಎಚ್ಚರ ಹೆಚ್ಚಬೇಕೆಂದು ನಾವು ಎಣಿಸುತ್ತೇವೆ. ಇಲ್ಲಿ ಸಂಶಯ ಹೆಚ್ಚಿದಂತೆ ಅದರ ಬೆಲೆಯೇ ಇಳಿಯುತ್ತದೆ.

ಹಿಂದಿನವರು ಈ ಪೀಡೆಯನ್ನು ನಕ್ಕೂ ಎದುರಿಸಿದರು. ಹಲವು ಬಾರಿ ನೀರಿನಲ್ಲಿ ಮುಳುಗಿದರೂ ನೆನೆದೆನೆಂಬ ನಂಬಿಕೆ ಬಾರದು ಎಂದು ಹೇಳಿಕೊಂಡವನಿಗೆ ಬಾಗ್ದಾದಿನ ಇಬ್ನ್ ಅಕೀಲ್ (ಮರಣ 1119), ಹೋಗಪ್ಪಾ, ನಿನಗೆ ನಮಾಜೇ ಇಲ್ಲ, ಬುದ್ಧಿ ತಪ್ಪಿದವರಿಗೆ ಅದು ವಿಧಿಸಿಲ್ಲ ಎಂದನಂತೆ. ಇಬ್ನ್ ಅಲ್-ಜೌಜಿ ಈ ಕಥೆಯನ್ನು ಬರೆದಿಟ್ಟಿದ್ದಾನೆ. ನಗು ಬಂದರೂ ಅದು ಕೇಳಿದವನ ಸಂಕಟವನ್ನು ಕಳೆಯಿತೇ ಎಂಬ ಅಳುಕು ನನಗುಂಟು. ಗಜಾಲಿಯ (ಮರಣ 1111) ಮಾತು ಇನ್ನೂ ಆಳದ್ದು. ಖಲೀಫ ಉಮರ್ ಕ್ರೈಸ್ತ ಹೆಂಗಸೊಬ್ಬಳ ಕೊಡದ ನೀರಿನಿಂದಲೇ ವುಜೂ ಮಾಡಿದ್ದನ್ನು ನೆನೆದು, ಮೈ ತೊಳೆಯುವುದರಲ್ಲೇ ಹೊತ್ತು ಕಳೆದು ಒಳಗಿನ ಅಹಂಕಾರವನ್ನು ಹಾಗೆಯೇ ಬಿಡುವವರ ಬಗೆಗೆ ಆತ ಮರುಗುತ್ತಾನೆ. ಇವರಿಬ್ಬರಿಗೂ ಮೊದಲು, ಅಬೂ ಜೈದ್ ಅಲ್-ಬಲ್ಖಿ (ಮರಣ 934) ದೇಹ ಮತ್ತು ಮನಸ್ಸಿನ ಆರೋಗ್ಯವನ್ನು ಕುರಿತ ತನ್ನ ಗ್ರಂಥದಲ್ಲಿ, ಕೋಪ, ಭಯ, ದುಃಖಗಳ ಸಾಲಿನಲ್ಲಿ ಈ ಪಿಸುಮಾತನ್ನೂ ಮನಸ್ಸಿನ ಬೇನೆಯಾಗಿ ಎಣಿಸಿ, ಒಂಟಿಯಾಗಿರಬೇಡ ಎಂದು ಬುದ್ಧಿ ಹೇಳಿದ್ದ. ಇಂದು ವೈದ್ಯರು ಗೀಳುರೋಗವೆನ್ನುವುದು ಇದನ್ನೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ಚಿಕಿತ್ಸಾಲಯವಿದೆ.

ಹಾಗೆಂದು ಸಂಶಯವೆಲ್ಲವೂ ವಸ್ವಾಸಲ್ಲ. ಈಚಿನ ವರ್ಷಗಳಲ್ಲಿ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಮೂರನೆಯ ಹಂತವೂ ಬೇಕೆಂಬ ಅಲ್ಲಿನ ಜನರ ಒತ್ತಾಯವನ್ನು ಪಿಸುಮಾತೆಂದು ತಳ್ಳುವಂತಿಲ್ಲ. ಇಂಥದೇ ಪ್ರಶ್ನೆಗೆ 1978ರಲ್ಲಿ ಸೌದಿ ಅರೇಬಿಯದ ಹಿರಿಯ ವಿದ್ವಾಂಸರ ಮಂಡಳಿ ಉತ್ತರಿಸಿತ್ತು: ಕೊಳೆಯ ಬಣ್ಣ, ರುಚಿ, ವಾಸನೆಗಳು ಪೂರ್ಣವಾಗಿ ಹೋಗಿದ್ದರೆ ಆ ನೀರಿನಿಂದ ಶುದ್ಧಿ ಸಲ್ಲುತ್ತದೆ, ಆರೋಗ್ಯಕ್ಕೆ ಹಾನಿಯಿದ್ದರೆ ಕುಡಿಯುವುದು ಬೇಡ. ಕಣ್ಣು ಮೂಗು ನಾಲಗೆಗಳಿಗೆ ಸಿಕ್ಕುವ ಗುರುತನ್ನು ಕೇಳುವ ಸಂಶಯ ಒಂದು. ಯಾವ ಗುರುತೂ ಸಾಲದೆನ್ನುವುದು ಇನ್ನೊಂದು.

ದರ್ಜಿಯವರಿಗೆ ಇಮಾಮರು ವಿಧಿಸಿದ್ದು ಒಂದೇ ಒಂದು ಚೊಂಬು ನೀರು. ಅದು ಮುಗಿದ ಮೇಲೆ ಏನೇ ಅನ್ನಿಸಿದರೂ ಹಿಂದಿರುಗಿ ನೋಡಕೂಡದು. ತಪ್ಪಾದರೆ ಅದರ ಹೊಣೆ ತಮ್ಮ ಮೇಲಿರಲಿ ಎಂದೂ ಸೇರಿಸಿದರು. ಮೊದಮೊದಲು ಬರಿದಾದ ಚೊಂಬನ್ನು ಹಿಡಿದ ಅವರ ಕೈ ನಡುಗುತ್ತಿದ್ದುದನ್ನು ನಾನು ಕಂಡಿದ್ದೇನೆ. ಪೂರ್ಣ ಗುಣವಾಯಿತೆಂದು ಹೇಳಲಾರೆ. ಕೆಲವು ಸಂಜೆ ಬೀದಿಯ ತಿರುವಿನಲ್ಲಿ ನಿಂತು ತಮ್ಮ ಮೊಣಕೈಯನ್ನೇ ನೋಡಿಕೊಳ್ಳುತ್ತಿದ್ದರು. ಆದರೆ ಮುಂದಕ್ಕೇ ನಡೆಯುತ್ತಿದ್ದರು. ಸೊಸೆ ಕೊಡವನ್ನು ಒಳಗಿಟ್ಟು ಚೊಂಬನ್ನಷ್ಟೇ ಜಗಲಿಯ ಮೇಲಿರಿಸುತ್ತಿದ್ದಳು.