ಗಂಧದ ಸಾಬೂನಿನ ಹಿಂದಿನ ವಿದ್ಯೆ

ಊರಿಗೆ ಹೋಗಿ ಆನ್ ಆರ್ಬರಿಗೆ ಮರಳುವ ನಮ್ಮಂಥವರ ಸೂಟ್‌ಕೇಸ್ ತೆರೆದರೆ, ಚಟ್ನಿಪುಡಿಯ ಘಾಟಿಗಿಂತ ಮೊದಲು ಮೂಗಿಗೆ ತಾಕುವುದು ಮೈಸೂರ್ ಸ್ಯಾಂಡಲ್ ಸೋಪಿನ ಪರಿಮಳ. ಗಂಧವನ್ನು ಎಲ್ಲರೂ ಹೊಗಳುತ್ತೇವೆ, ಸಾಬೂನನ್ನು ಮರೆಯುತ್ತೇವೆ. ಕೋಡು ಬರೆಯುವ ನಮಗೆ ಕೆಮಿಸ್ಟ್ರಿ ಪಿಯುಸಿಗೇ ಮುಗಿದಿದ್ದರೂ, ಈ ಸಲ ಆ ಮರೆತ ಭಾಗವನ್ನೇ ಕೆದಕಿದೆವು.

1914ರವರೆಗೆ ಮೈಸೂರಿನ ಗಂಧದ ಕೊರಡುಗಳು ಹಡಗು ಹತ್ತಿ ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ ಹೋಗುತ್ತಿದ್ದವು. ಮರ ನಮ್ಮದು, ಎಣ್ಣೆ ತೆಗೆಯುವ ವಿದ್ಯೆ ಅವರದು. ಮಹಾಯುದ್ಧ ಬಂದು ಆ ದಾರಿ ಮುಚ್ಚಿತು. ಕೊರಡುಗಳು ಊರಲ್ಲೇ ಉಳಿದವು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಗಂಧದೆಣ್ಣೆ ಬಟ್ಟಿ ಇಳಿಸಿ ತೋರಿಸಿದರು. 1916ರಲ್ಲಿ ಸಂಸ್ಥಾನವೇ ಆ ಕೆಲಸಕ್ಕೆ ಕೈಹಾಕಿತು. ಸಾಬೂನಿನ ವಿದ್ಯೆ ಕಲಿಯಲು ಎಸ್. ಜಿ. ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳಿಸಲಾಯಿತು. 1918ರಲ್ಲಿ ಬೆಂಗಳೂರಿನ ಸರ್ಕಾರಿ ಕಾರ್ಖಾನೆಯ ಸಾಬೂನು ಹೊರಬಂತು.

ಆ ವಿದ್ಯೆಯಾದರೂ ಏನು? ಎಣ್ಣೆ, ಕೊಬ್ಬು ಎಲ್ಲವೂ ಎಸ್ಟರುಗಳು: ಒಂದು ಗ್ಲಿಸರಾಲಿಗೆ ಮೂರು ಕೊಬ್ಬಿನ ಆಮ್ಲಗಳು ಅಂಟಿಕೊಂಡಿರುತ್ತವೆ. ಕಾಸ್ಟಿಕ್ ಸೋಡಾ ಹಾಕಿ ಕುದಿಸಿದರೆ ಆ ನಂಟು ಕಡಿಯುತ್ತದೆ. ಗ್ಲಿಸರಾಲ್ ಬೇರೆಯಾಗುತ್ತದೆ, ಆಮ್ಲ ಸೋಡಿಯಂ ಲವಣವಾಗುತ್ತದೆ. ಆ ಲವಣವೇ ಸಾಬೂನು. ಇದನ್ನು ಬಿಡಿಸಿಟ್ಟವರು ಫ್ರಾನ್ಸಿನ ಶೆವ್ರಲ್; ಅವರ ಗ್ರಂಥ ಬಂದದ್ದು 1823ರಲ್ಲಿ. ಆಮ್ಲವೇ ಬೇಕೆಂದರೆ ಸಾಬೂನಿನ ಬಿಸಿನೀರಿಗೆ ವಿನೆಗರ್ ಸುರಿಯಬೇಕು. ನಮ್ಮ ಅಡುಗೆಮನೆಯಲ್ಲಿ ಮಗಳ ಜೊತೆ ಸುರಿದು ನೋಡಿದೆವು. ಹಾಲು ಒಡೆದ ಹಾಗೆ ಬಿಳಿ ಗರಣೆ ಮೇಲೆ ತೇಲಿತು. ಅದೇ ಕಾರ್ಬಾಕ್ಸಿಲಿಕ್ ಆಮ್ಲ.

ಇನ್ನೊಂದು ಸ್ವಾರಸ್ಯವಿದೆ. ಹೂ ಹಣ್ಣುಗಳ ಎಷ್ಟೋ ಸುವಾಸನೆಗಳೂ ಎಸ್ಟರುಗಳೇ. ಕ್ಷಾರ ಅವನ್ನೂ ಒಡೆಯಬಲ್ಲದು. ಗಂಧದೆಣ್ಣೆಯ ಸಾರವಾದ ಸ್ಯಾಂಟಲಾಲ್ ಮಾತ್ರ ಒಂದು ಆಲ್ಕೋಹಾಲು. ಅದರಲ್ಲಿ ಕಡಿಯಲು ಎಸ್ಟರಿನ ನಂಟೇ ಇಲ್ಲ. ಸಾಬೂನಿನಲ್ಲೂ ಗಂಧ ಗಂಧವಾಗಿಯೇ ಉಳಿಯುತ್ತದೆ.

ಶಾಸ್ತ್ರಿಗಳು ಹಡಗು ಹತ್ತಿ ಹೋದರು, ಕಲಿತರು, ಮರಳಿದರು. ನಾವೂ ಊರಿನ ದುಡ್ಡಿನಲ್ಲಿ ಓದಿ, ವಿಮಾನ ಹತ್ತಿ ಬಂದು, ಕಲಿತು, ಇಲ್ಲೇ ನಿಂತೆವು. ಹಾಗಾದರೆ ನಾವು ಶಾಸ್ತ್ರಿಗಳ ಸಾಲಿನವರೋ, ಕೊರಡುಗಳ ಸಾಲಿನವರೋ? ಸೋಪು ಹಿಡಿದಾಗಲೆಲ್ಲ ಈ ಪ್ರಶ್ನೆ ಕೈಗೆ ಅಂಟುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ.