ಉಪ್ಪಿಗಾಗಿ ಒಂದು ಒಪ್ಪಂದ

ಗೋವೆಯ ಆಗರಗಳಲ್ಲಿ ಉಪ್ಪು ಅಗ್ಗ. ಗಡಿಯಾಚೆ ಕಾರವಾರ, ಬೆಳಗಾವಿಗಳ ಆಂಗ್ಲ ಸೀಮೆಯಲ್ಲಿ ಅದಕ್ಕೆ ಭಾರಿ ತೆರಿಗೆ. ಕಳ್ಳಸಾಗಣೆಗೆ ಇನ್ನೇನು ಬೇಕು? ಘಟ್ಟದ ಕಾಡುಗಳಲ್ಲಿ ಎಷ್ಟು ಕಾವಲಿಟ್ಟರೂ ಸಾಲದು. ಆದುದರಿಂದ ಬ್ರಿಟಿಷರು 1878ರಲ್ಲಿ ಪೋರ್ಚುಗಲ್ಲಿನೊಡನೆ ಒಪ್ಪಂದ ಮಾಡಿಕೊಂಡರು. ಗಡಿಯ ಸುಂಕದ ಕಟ್ಟೆಗಳು ತೆರವಾದವು. ಗೋವೆಯ ಉಪ್ಪಿನ ತಯಾರಿಕೆ ಆಂಗ್ಲರ ಹತೋಟಿಗೆ ಬಂತು. ಪ್ರತಿಯಾಗಿ ಪೋರ್ಚುಗೀಸ್ ಸರಕಾರಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ ಸಂದಿತು. ಮರ್ಮಗೋವೆಯಿಂದ ಘಟ್ಟವೇರುವ ರೈಲುದಾರಿಗೂ ಈ ಒಪ್ಪಂದವೇ ತಳಹದಿ.

ಕಳ್ಳನನ್ನು ಅಟ್ಟುವ ಬದಲು ಕಳವಿನ ಲಾಭವನ್ನೇ ಅಳಿಸಿದ ಜಾಣತನವಿದು. ಆದರೆ ಅದರ ಬೆಲೆ ತೆತ್ತವರು ಯಾರು? ಆಗರದ ಒಡೆಯ ತನ್ನ ನೆಲದಲ್ಲಿಯೇ ಪರರ ಅಧಿಕಾರಿಯ ಅಪ್ಪಣೆಗೆ ಕಾಯಬೇಕಾಯಿತು. ಗೋವೆಯಲ್ಲಿ ಅಸಮಾಧಾನ ಹೊಗೆಯಾಡಿತು. 1892ರಲ್ಲಿ ಒಪ್ಪಂದ ಮುಗಿಯಿತು, ಸುಂಕದ ಗಡಿ ಮರಳಿತು. ಇಬ್ಬರು ದೊರೆಗಳು ಕೈಕುಲುಕಿದಾಗ, ಉಪ್ಪು ಬೆಳೆದವನನ್ನು ಮಾತ್ರ ಯಾರೂ ಕೇಳಿರಲಿಲ್ಲ.