ಕಚೇರಿಯ ಕಿಟಕಿ ಮತ್ತು ಗಣಕಯಂತ್ರದ ಗೋಡೆ



ನನ್ನ ಸೇವಾವಧಿಯ ಒಂದು ತಪ್ಪನ್ನು ಇಂದು ಒಪ್ಪಿಕೊಳ್ಳಬೇಕೆನಿಸಿದೆ. 1994ರಲ್ಲಿ ನಮ್ಮ ಶಾಲೆಯಲ್ಲಿ ಒಂದೇ ಒಂದು ಕಂಪ್ಯೂಟರ್ ಇತ್ತು. ವಿದ್ಯಾರ್ಥಿನಿಯೊಬ್ಬಳು ಒಂದು ಗಂಟೆ ಕುಳಿತು ಬೇಸಿಕ್ ಭಾಷೆಯ ಪ್ರೋಗ್ರಾಂ ಒಂದನ್ನು ಬೆರಳಚ್ಚಿಸಿದ್ದಳು. ಅದನ್ನು ಇನ್ನೂ ಉಳಿಸಿರಲಿಲ್ಲ. ಅಷ್ಟರಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಕುತೂಹಲದಿಂದ 'ಪೋಕ್' ಎಂಬ ಆದೇಶವನ್ನು ಕೊಟ್ಟು, ಮೆಮೊರಿಯ ಆರಂಭದ ಕೋಶಗಳಲ್ಲಿ ತೋಚಿದ ಅಂಕಿಗಳನ್ನು ತುಂಬಿದನು. ಯಂತ್ರವು ಸ್ತಬ್ಧವಾಯಿತು, ಹುಡುಗಿಯ ಶ್ರಮ ಅಳಿಸಿಹೋಯಿತು. ನಾನು ಆ ಹುಡುಗನನ್ನು ಬಯ್ದು, ವರ್ಷಾಂತ್ಯದವರೆಗೆ ಕಂಪ್ಯೂಟರ್ ಕೊಠಡಿಗೆ ಬಾರದಂತೆ ಮಾಡಿದೆನು.

ಆ ಬಗೆಯ ಯಂತ್ರಗಳಲ್ಲಿ ಮೆಮೊರಿಯ ಮೊದಲ 1024 ಬೈಟುಗಳಲ್ಲಿ 256 ವಿಳಾಸಗಳಿರುತ್ತಿದ್ದವು. ಕೀಲಿಮಣೆ ಒತ್ತಿದಾಗ, ಗಡಿಯಾರ ಮಿಡಿದಾಗ ಯಂತ್ರ ಎಲ್ಲಿಗೆ ಹೋಗಬೇಕೆಂಬುದನ್ನು ಹೇಳುವ ವಿಳಾಸಗಳವು. ಇದನ್ನು ನಾನು ತಿಳಿದದ್ದು ಬಹಳ ತಡವಾಗಿ. ಹುಡುಗ ಅಲ್ಲಿ ಏಕೆ ಬರೆದನೆಂದು ಕೇಳಿದ ನಾನು, ಯಂತ್ರ ಅವನನ್ನು ಅಲ್ಲಿಗೆ ಏಕೆ ಬಿಟ್ಟಿತೆಂದು ಕೇಳಲೇ ಇಲ್ಲ.

ವಾಸ್ತವವಾಗಿ ಈ ಪ್ರಶ್ನೆಗೆ ಉತ್ತರ ಅದಕ್ಕಿಂತ ಮೂವತ್ತು ವರ್ಷಗಳ ಹಿಂದೆಯೇ ದೊರೆತಿತ್ತು. ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡವು 1961ರ ನವೆಂಬರ್‌ನಲ್ಲಿ ಸಿ.ಟಿ.ಎಸ್.ಎಸ್. ಎಂಬ ವ್ಯವಸ್ಥೆಯನ್ನು ಪ್ರದರ್ಶಿಸಿತು. ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವುದು ಅದರ ಉದ್ದೇಶ. ಒಬ್ಬನ ತಪ್ಪಿನಿಂದ ಎಲ್ಲರ ಕೆಲಸ ಕೆಡಬಾರದಲ್ಲವೇ? ಅದಕ್ಕಾಗಿ ಮುಂದೆ ಐ.ಬಿ.ಎಂ. 7094 ಯಂತ್ರದಲ್ಲಿ 32,768 ಪದಗಳ ಎರಡು ಪ್ರತ್ಯೇಕ ಮೆಮೊರಿಗಳನ್ನು ಇಟ್ಟರು. ಒಂದು ನಿಯಂತ್ರಕ ಪ್ರೋಗ್ರಾಂಗೆ, ಇನ್ನೊಂದು ಬಳಕೆದಾರರಿಗೆ. ಎಲ್ಲೆ ಮೀರುವ ಪ್ರೋಗ್ರಾಂ ಅನ್ನು ಯಂತ್ರವೇ ತಡೆಯುತ್ತಿತ್ತು.

ಆ ನಿಯಂತ್ರಕವನ್ನೇ ಇಂದು ಕರ್ನಲ್ ಎನ್ನುತ್ತೇವೆ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ನಮ್ಮ ಶಾಲೆಯ ಕಚೇರಿಯನ್ನು ನೆನಪಿಸಿಕೊಳ್ಳಿ. ದಾಖಲಾತಿ ಪುಸ್ತಕದ ಕಪಾಟಿಗೆ ನೀವು ಕೈಹಾಕುವಂತಿರಲಿಲ್ಲ; ಕಿಟಕಿಯಲ್ಲಿ ಅರ್ಜಿ ಕೊಟ್ಟರೆ ಗುಮಾಸ್ತರು ಪರಿಶೀಲಿಸಿ ಬೇಕಾದುದನ್ನು ಕೊಡುತ್ತಿದ್ದರು. ಪ್ರೋಗ್ರಾಂಗೂ ಕರ್ನಲ್‌ಗೂ ಇರುವ ಸಂಬಂಧ ಅದೇ. ಎಂ.ಐ.ಟಿ., ಬೆಲ್ ಪ್ರಯೋಗಾಲಯ ಮತ್ತು ಜನರಲ್ ಎಲೆಕ್ಟ್ರಿಕ್ 1965ರಿಂದ ಕಟ್ಟಿದ ಮಲ್ಟಿಕ್ಸ್ ವ್ಯವಸ್ಥೆಯು ಈ ಗೋಡೆಯನ್ನು ಕೋಟೆಯ ಸುತ್ತುಗಳಂತೆ ಹಲವು ವಲಯಗಳಾಗಿ ವಿಸ್ತರಿಸಿತು.

ಹೀಗೆ ತಿಳಿದಿದ್ದ ವಿದ್ಯೆ ಸಣ್ಣ ಗಣಕಯಂತ್ರಗಳಿಗೆ ಬರುವಾಗ ಕೈಬಿಟ್ಟುಹೋಯಿತು. 1978ರ ಇಂಟೆಲ್ 8086 ಸಂಸ್ಕಾರಕದಲ್ಲಿ ಗೋಡೆಯೇ ಇರಲಿಲ್ಲ. 1982ರ 80286ರಲ್ಲಿ ನಾಲ್ಕು ವಲಯಗಳ ರಕ್ಷಣೆ ಬಂದರೂ, ಹಳೆಯ ಪ್ರೋಗ್ರಾಂಗಳ ರೂಢಿಯಿಂದ ಅದು ಬಹುಕಾಲ ನಿರುಪಯುಕ್ತವಾಗಿಯೇ ಉಳಿಯಿತು. ಮನೆಮನೆಯ ವಿಂಡೋಸ್ ಯಂತ್ರಗಳಿಗೆ ದೃಢವಾದ ಗೋಡೆ ದೊರೆತದ್ದು 2001ರ ಎಕ್ಸ್‌ಪಿಯೊಂದಿಗೆ.

ಅಲ್ಲಿಗೂ ಕಥೆ ಮುಗಿಯಲಿಲ್ಲ. 2018ರ ಜನವರಿಯಲ್ಲಿ 'ಮೆಲ್ಟ್‌ಡೌನ್' ಎಂಬ ದೋಷ ಬಹಿರಂಗವಾಯಿತು. ವೇಗಕ್ಕಾಗಿ ಅನೇಕ ಸಂಸ್ಕಾರಕಗಳು, ಅನುಮತಿಯ ಪರಿಶೀಲನೆ ಮುಗಿಯುವ ಮೊದಲೇ ಮುಂದಿನ ಕೆಲಸವನ್ನು ಮಾಡಿಡುತ್ತಿದ್ದವು. ಅನುಮತಿಯಿಲ್ಲವೆಂದು ತಿಳಿದೊಡನೆ ಫಲಿತಾಂಶವನ್ನು ತ್ಯಜಿಸಿದರೂ ಅದರ ಕುರುಹು ಕ್ಯಾಶ್ ಎಂಬ ವೇಗದ ಮೆಮೊರಿಯಲ್ಲಿ ಉಳಿಯುತ್ತಿತ್ತು. ಕಾಲವನ್ನು ಸೂಕ್ಷ್ಮವಾಗಿ ಅಳೆದು, ಆ ಕುರುಹಿನಿಂದ ಕರ್ನಲ್‌ನ ಗುಟ್ಟನ್ನು ಓದಬಹುದಾಗಿತ್ತು. ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿಯೇ ರೂಪಿಸಿದ್ದ ವಿಧಾನವೊಂದು ಲಿನಕ್ಸ್‌ನ ಪರಿಹಾರಕ್ಕೆ ಆಧಾರವಾಯಿತು: ಕರ್ನಲ್‌ನ ಬಹುಭಾಗವನ್ನು ಪ್ರೋಗ್ರಾಂನ ವಿಳಾಸಪಟ್ಟಿಯಿಂದಲೇ ತೆಗೆದುಬಿಡುವುದು. ಅದಕ್ಕಾಗಿ ಸ್ವಲ್ಪ ವೇಗವನ್ನು ತೆರಬೇಕಾಯಿತು.

ಈ ಇತಿಹಾಸದಿಂದ ನಾನು ಕಲಿತದ್ದಿಷ್ಟು: ಮನುಷ್ಯನು ತಪ್ಪುತ್ತಾನೆಂದು ಮೊದಲೇ ಬಗೆದು ಗೋಡೆ ಕಟ್ಟಬೇಕು, ಕಟ್ಟಿದ ಮೇಲೆಯೂ ಬಿರುಕನ್ನು ಹುಡುಕುತ್ತಿರಬೇಕು. ಗೋಡೆಯಿಲ್ಲದೆಡೆ ಕಾಲಿಟ್ಟ ಮಗುವನ್ನು ಶಿಕ್ಷಿಸುವುದು ನ್ಯಾಯವಲ್ಲ.

ಅಂದಿನ ಆ ಹುಡುಗ ಇದನ್ನು ಓದುತ್ತಿದ್ದರೆ, ಒಂದು ಮಾತು: ತಪ್ಪು ನಿನ್ನದಲ್ಲವಪ್ಪಾ. ನಿನ್ನ ಕುತೂಹಲಕ್ಕೆ ಬಾಗಿಲು ಮುಚ್ಚಿದ ಈ ಮೇಷ್ಟರನ್ನು ಕ್ಷಮಿಸು.